ಕೆಸರಿನೊಳಗಿನ ಹಸಿರು ತುಕ್ಕು

ನಾಗಪುರದ ಅಮರಾವತಿ ರಸ್ತೆಯಲ್ಲಿ ಆಫೀಸಿಗೆ ಹೋಗುವಾಗ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಬೋರ್ಡು ಕಾಣುತ್ತದೆ. ದೇಶದ ಮಣ್ಣಿನ ನಕ್ಷೆ ಬರೆಯುವ ಕಚೇರಿ. ಅದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಇಲ್ಲಿಯ ಎರೆಮಣ್ಣಲ್ಲ, ತೀರ್ಥಹಳ್ಳಿ ಕಡೆಯ ನಮ್ಮ ಬೈಲುಗದ್ದೆಯ ಜವುಳು. ಮಳೆಗಾಲದಲ್ಲಿ ಗುದ್ದಲಿ ಹಾಕಿದರೆ ನೀಲಿ ಬೆರೆತ ಹಸಿರು ಹೆಂಟೆ ಏಳುತ್ತಿತ್ತು. ಬದುವಿನ ಮೇಲಿಟ್ಟರೆ ಸಂಜೆಯೊಳಗೆ ಕಾವಿ. ಯಾಕೆಂದು ಕೇಳಿದರೆ ಅಜ್ಜ, "ಗಾಳಿ ತಾಗಿತಲ್ಲ ಮಾರಾಯ" ಎನ್ನುತ್ತಿದ್ದರು.

ಅಜ್ಜ ಹೇಳಿದ್ದು ಸರಿಯೇ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸುತ್ತವೆ. ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ. ಆದರೆ ಆ ಹಸಿರು ಯಾವ ಖನಿಜದ್ದು? ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದ ಶ್ರೀಲಂಕಾದ ಪೊನ್ನಂಪೆರುಮ 1967ರಲ್ಲೇ, ಗದ್ದೆಯ ನೀರಿನ ರಸಾಯನದ ಲೆಕ್ಕ ಹಾಕಿ, ಎರಡೂ ಬಗೆಯ ಕಬ್ಬಿಣವಿರುವ ಹೈಡ್ರಾಕ್ಸೈಡ್ ಅಲ್ಲಿರಬೇಕೆಂದು ವಾದಿಸಿದ್ದರು. ಲೆಕ್ಕವೇನೋ ಇತ್ತು, ವಸ್ತು ಕೈಗೆ ಸಿಗಲಿಲ್ಲ. ಪ್ರಯೋಗಾಲಯಕ್ಕೆ ತರುವಷ್ಟರಲ್ಲಿ ಅದು ಅದಾಗಿ ಉಳಿದಿರುತ್ತಿರಲಿಲ್ಲ.

ಮೂವತ್ತು ವರ್ಷ ಕಳೆಯಿತು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಫೂಜೆರ್ ಕಾಡಿನ ಜವುಳು ಮಣ್ಣನ್ನು ಗಾಳಿ ತಾಗದಂತೆ ತೆಗೆದು, ಟ್ರೋಲಾರ್, ಜೆನಾಂ, ಬೂರಿಯೆ ಮೊದಲಾದವರು ಮೋಸ್‌ಬವರ್ ಮತ್ತು ರಾಮನ್ ರೋಹಿತಗಳಿಂದ ಪರೀಕ್ಷಿಸಿದರು, 1997ರಲ್ಲಿ ಪ್ರಕಟಿಸಿದರು. (ಹೌದು, ನಮ್ಮ ಸಿ.ವಿ. ರಾಮನ್.) ಉಕ್ಕಿನ ತುಕ್ಕಿನಲ್ಲಿ ಮೊದಲೇ ಪರಿಚಿತವಾಗಿದ್ದ 'ಹಸಿರು ತುಕ್ಕು' ಮಣ್ಣಿನಲ್ಲೂ ಸಿಕ್ಕಿತ್ತು: ಕಬ್ಬಿಣದ ಪದರಗಳು, ನಡುವೆ ನೀರು ಮತ್ತು ಋಣ ಅಯಾನುಗಳು. ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘ ಅದಕ್ಕೆ 2003-057 ಎಂಬ ಸಂಖ್ಯೆ ಕೊಟ್ಟಿತು, ನಮ್ಮ ಪ್ರಾಜೆಕ್ಟಿನ ಟಿಕೆಟ್ ನಂಬರಿನ ಹಾಗೆ. ಹೆಸರು ಫೂಜೆರೈಟ್.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನದು. ಮಂಗಳ ಗ್ರಹದ ಸ್ಪಿರಿಟ್, ಆಪರ್ಚುನಿಟಿ ರೋವರ್‌ಗಳಲ್ಲಿದ್ದಂಥದೇ ಪುಟ್ಟ ಮೋಸ್‌ಬವರ್ ಯಂತ್ರವನ್ನು ಅದೇ ಕಾಡಿನ ಮಣ್ಣಿನೊಳಗೆ ಇಳಿಸಿದರು. ಆಳ ಬದಲಾದಂತೆ, ದಿನ ಕಳೆದಂತೆ ಫೆರಸ್–ಫೆರಿಕ್ ಪ್ರಮಾಣ ಬದಲಾಗುವುದನ್ನು ಅಲ್ಲಿಯೇ ಅಳೆದರು. 2005ರಲ್ಲಿ ವರದಿ ಬಂತು. ಮಣ್ಣು ಪ್ರಯೋಗಾಲಯಕ್ಕೆ ಬರಲೊಲ್ಲದಾಗ ಪ್ರಯೋಗಾಲಯವೇ ಗುಂಡಿಗಿಳಿಯಬೇಕಾಯಿತು. ಇದು ಬರೀ ಹೆಸರಿಡುವ ಸಂಭ್ರಮವಲ್ಲ. ಹಸಿರು ತುಕ್ಕು ನೈಟ್ರೇಟನ್ನು ಅಮೋನಿಯಂ ಆಗಿಸಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಗೊಬ್ಬರ ಹಾಕುವ ರೈತನಿಗೂ, ಬಾವಿಯ ನೀರು ಕುಡಿಯುವವನಿಗೂ ಅದು ಬೇಕಾದ ವಿಷಯ.

ನಮ್ಮ ಗದ್ದೆಯ ಹಸಿರು ಫೂಜೆರೈಟೇ ಎಂದು ಯಾರೂ ಅಳೆದಿಲ್ಲ. ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ತಮ್ಮನಿಗೆ ವಿವರಿಸುತ್ತ ಗುದ್ದಲಿ ಹಿಡಿದು ಬೈಲಿಗಿಳಿದೆ. ಅವನು ನಕ್ಕ. ಬಸಿಗಾಲುವೆ ತೆಗೆದು ಅಡಿಕೆ ಸಸಿ ನೆಟ್ಟು ಮೂರು ವರ್ಷವಾಗಿತ್ತು. ಎರಡಡಿ ಅಗೆದೆ, ಅಷ್ಟೂ ಕಾವಿ ಬಣ್ಣದ ಮಣ್ಣು.