ಸಿಪಾನಿ ಡಾಲ್ಫಿನ್

ಡಾಲ್ಫಿನ್: ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಿಂದ ತಯಾರಿಸಿದ, ಫೈಬರ್ ಗ್ಲಾಸ್ ಮೈಯ ಪುಟ್ಟ ಪೆಟ್ರೋಲ್ ಕಾರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರು ಇದರ ಮೂಲ. ಸಂಸಾರಸ್ಥರಿಗೆಂದು ತಯಾರಾದ ಈ ಕಾರನ್ನು ಸಂಸಾರಸ್ಥರು ಒಪ್ಪಲಿಲ್ಲ, ರೇಸಿನವರು ಎತ್ತಿಕೊಂಡರು. ಎರಡಕ್ಕೂ ಕಾರಣ ಒಂದೇ, ಅದರ ಹಗುರತನ. ಲೋಟಸ್, ಎಂ.ಜಿ., ಟ್ರಯಂಫ್‌ಗಳಂಥ ಬ್ರಿಟಿಷ್ ಹಗುರ ಸ್ಪೋರ್ಟ್ಸ್ ಕಾರುಗಳ ಗುಣ ಕರ್ನಾಟಕದ ನೆಲದಲ್ಲಿ ತಯಾರಾದ ಯಾವುದಾದರೂ ವಾಹನದಲ್ಲಿ ಕಂಡಿದ್ದರೆ ಅದು ಇದರಲ್ಲೇ.

ಹಿನ್ನೆಲೆ

ಡಾಲ್ಫಿನ್ನಿನ ವಂಶಾವಳಿ ಹುಡುಕುತ್ತ ಹೋದರೆ 1922ರ ಆಸ್ಟಿನ್ ಸೆವೆನ್ ಕಾರಿಗೆ ಮುಟ್ಟುತ್ತೇವೆ. ಹರ್ಬರ್ಟ್ ಆಸ್ಟಿನ್ ರೂಪಿಸಿದ ಆ ಕಾರು ಬ್ರಿಟನ್ನಿನ ಸಾಮಾನ್ಯ ಜನರನ್ನು ಮೋಟಾರು ಸೈಕಲ್ಲಿನಿಂದ ಕಾರಿಗೆ ಏರಿಸಿತು. ಹಳೆಯದಾದ ಮೇಲೆ ಅದು ಕಡಿಮೆ ಬೆಲೆಗೆ ಸಿಗತೊಡಗಿತು. ಕೈಯಲ್ಲಿ ಕಾಸಿಲ್ಲದ, ತಲೆಯಲ್ಲಿ ವೇಗ ತುಂಬಿಕೊಂಡ ಹುಡುಗರು ಅದನ್ನು ಬಿಚ್ಚಿ ರೇಸು ಗಾಡಿ ಮಾಡಿದರು. ಕಾಲಿನ್ ಚಾಪ್‌ಮನ್ 1948ರಲ್ಲಿ ಕಟ್ಟಿದ ಮೊದಲ ಕಾರು, ಅಂದರೆ ಲೋಟಸ್ ಹೆಸರಿನ ಆರಂಭ, ಇಂಥದೊಂದು ಹಳೆಯ ಆಸ್ಟಿನ್ ಸೆವೆನ್ ಮೇಲೆಯೇ ನಿಂತಿತ್ತು. ದೊಡ್ಡ ಎಂಜಿನ್ ಕೂಡಿಸುವುದಕ್ಕಿಂತ ತೂಕ ಇಳಿಸುವುದೇ ಮೇಲು ಎಂಬ ಪಾಠ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ದಕ್ಕಿದ್ದು ಇಂಥ ಹುಡುಗರ ಶೆಡ್ಡುಗಳಲ್ಲಿ.

ರಿಲಯಂಟ್ ಕಂಪನಿಯನ್ನು ಟಾಮ್ ವಿಲಿಯಮ್ಸ್ 1935ರಲ್ಲಿ ಟ್ಯಾಮ್‌ವರ್ತ್ ಊರಿನಲ್ಲಿ ಆರಂಭಿಸಿದರು. ಮೊದಲಿಗೆ ಮೂರು ಚಕ್ರದ ಸರಕು ಗಾಡಿಗಳನ್ನಷ್ಟೇ ಮಾಡುತ್ತಿದ್ದ ಕಂಪನಿ, 1938ರ ಹೊತ್ತಿಗೆ ಅವಕ್ಕೆ ಆಸ್ಟಿನ್ ಸೆವೆನ್ ಎಂಜಿನ್ ಕೂಡಿಸತೊಡಗಿತು. ಆಸ್ಟಿನ್ ಆ ಎಂಜಿನ್ನನ್ನು ಕೈಬಿಟ್ಟಾಗ ರಿಲಯಂಟ್ ತಾನೇ ಅದನ್ನು ಎರಕ ಹೊಯ್ದುಕೊಂಡು 1962ರವರೆಗೆ ನಡೆಸಿತು. ಆ ವರ್ಷ ಬಂದದ್ದು ರಿಲಯಂಟ್‌ನ ಸ್ವಂತದ ಎಂಜಿನ್: ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ, ನಾಲ್ಕು ಸಿಲಿಂಡರು, 600 ಸಿ.ಸಿ.ಯ ಆಸುಪಾಸು. ಅದು ಹಂತಹಂತವಾಗಿ ಬೆಳೆದು 848 ಸಿ.ಸಿ.ಗೆ ತಲುಪಿ, 1975ರಲ್ಲಿ ಕಿಟನ್ ಕಾರಿನಲ್ಲಿ ಕೂತಿತು. 62.5 ಮಿ.ಮೀ. ಬೋರು, 69 ಮಿ.ಮೀ.ಗಿಂತ ಕೂದಲಷ್ಟು ಹೆಚ್ಚಿನ ಸ್ಟ್ರೋಕು, 40 ಅಶ್ವಶಕ್ತಿ. ಕಾರಿನ ತೂಕ ಮಾತ್ರ 500 ಕಿಲೊ ಆಸುಪಾಸು.

ಈ ಲೆಕ್ಕವನ್ನು ನಮ್ಮ ಕಾರುಗಳ ಪಕ್ಕದಲ್ಲಿಟ್ಟು ನೋಡಬೇಕು. ಆ ಕಾಲದ ಪ್ರೀಮಿಯರ್ ಪದ್ಮಿನಿಗೂ ಹೆಚ್ಚುಕಡಿಮೆ 40 ಅಶ್ವಶಕ್ತಿಯೇ. ಆದರೆ ಅದು ಎಳೆಯಬೇಕಾದ ತೂಕ 900 ಕಿಲೊ ಹತ್ತಿರ. ಅಂಬಾಸಡರಿನ 1489 ಸಿ.ಸಿ. ಎಂಜಿನ್ ಸುಮಾರು 50 ಅಶ್ವಶಕ್ತಿ ಕೊಟ್ಟರೂ ಕಾರು 1,100 ಕಿಲೊ ದಾಟುತ್ತಿತ್ತು. ಒಂದೊಂದು ಕುದುರೆಯ ಬೆನ್ನಿಗೆ ಅಲ್ಲಿ 22 ಕಿಲೊ ಹೊರೆಯಾದರೆ ಕಿಟನ್ನಿನಲ್ಲಿ ಹನ್ನೆರಡೂವರೆ.

ರಿಲಯಂಟ್ ಕಾರುಗಳ ಮೈ ಫೈಬರ್ ಗ್ಲಾಸಿನದು. ತಗಡಿನ ಕಾರು ಮಾಡಬೇಕಾದರೆ ದೈತ್ಯ ಪ್ರೆಸ್ಸುಗಳು, ಕೋಟಿಗಟ್ಟಲೆ ಬೆಲೆಯ ಅಚ್ಚುಗಳು ಬೇಕು. ಫೈಬರ್ ಮೈಗೆ ಒಂದು ಅಚ್ಚು, ಗಾಜಿನ ನಾರಿನ ಚಾಪೆ, ರೆಸಿನ್, ಪಳಗಿದ ಕೈಗಳು ಸಾಕು. ಹಾಗಾಗಿ ಕಾರು ಉದ್ಯಮಕ್ಕೆ ಹೊಸದಾಗಿ ಕಾಲಿಡುವ ದೇಶಗಳಿಗೆ ರಿಲಯಂಟ್ ವಿನ್ಯಾಸ ಹೇಳಿಮಾಡಿಸಿದಂತಿತ್ತು. ಇಸ್ರೇಲಿನ ಆಟೊಕಾರ್ಸ್ ಕಂಪನಿ ಇದೇ ದಾರಿಯಲ್ಲಿ ಸುಸಿತಾ ಕಾರನ್ನು ಮಾಡಿತು. ಟರ್ಕಿಯಲ್ಲಿ 1966ರಲ್ಲಿ ಅನಾಡೋಲ್ ಬಂತು. ಅನಾಡೋಲಿನ ಮೈಯನ್ನು ಎತ್ತುಗಳು ಮೇಯುತ್ತವೆ ಎಂಬ ಮಾತು ಟರ್ಕಿಯಲ್ಲಿ ಬಹಳ ಕಾಲ ಹರಿದಾಡಿತು. ಜನರಿಗೆ ಕಾರೆಂದರೆ ತಟ್ಟಿದರೆ ಠಣ್ ಎನ್ನಬೇಕು. ಈ ಮನಸ್ಸನ್ನು ಬೆಂಗಳೂರೂ ಎದುರಿಸಬೇಕಾಯಿತು.

ಬೆಂಗಳೂರಿಗೆ ಬಂದದ್ದು

ಸಿಪಾನಿಯವರಿಗೆ ಫೈಬರ್ ಹೊಸದೇನಲ್ಲ. 1970ರ ದಶಕದಲ್ಲಿ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರನ್ನು ಅವರೇ ಮಾಡಿದ್ದರು. ಅದಕ್ಕೆ 198 ಸಿ.ಸಿ.ಯ ಒಂಟಿ ಸಿಲಿಂಡರಿನ ಎಂಜಿನ್. ಲೈಸೆನ್ಸ್ ಕಾಲದಲ್ಲಿ, ಅಂಬಾಸಡರಿಗೂ ಫಿಯೆಟ್ಟಿಗೂ ಜನ ವರ್ಷಗಟ್ಟಲೆ ಸರತಿ ಕಾಯುತ್ತಿದ್ದಾಗ, ಬೆಂಗಳೂರಿನ ಚಿಕ್ಕ ಕಂಪನಿಯೊಂದು ತನ್ನದೇ ಕಾರು ಮಾಡುತ್ತೇನೆಂದು ಎದ್ದದ್ದು ಸಣ್ಣ ಸಂಗತಿಯಲ್ಲ. ಕರ್ನಾಟಕದ ಕೈಗಾರಿಕಾ ಚರಿತ್ರೆಯಲ್ಲಿ ವಿಮಾನ, ಕೈಗಡಿಯಾರ, ಮೈಸೂರಿನ ಜಾವಾ ಬೈಕು ಪಡೆದ ಜಾಗ ಈ ಪ್ರಯತ್ನಕ್ಕೆ ಸಿಗದಿರುವುದು ನಿಜಕ್ಕೂ ಕೊರತೆ.

ಇಂಗ್ಲೆಂಡಿನಲ್ಲಿ ಕಿಟನ್ 1982ರಲ್ಲಿ ನಿಂತಿತು. ಅದರ ಹಕ್ಕು ಸಿಪಾನಿಗೆ ಬಂದು, ಅದೇ ವರ್ಷ ಡಾಲ್ಫಿನ್ ಹೆಸರಿನಲ್ಲಿ ಹೊಸ ಜನ್ಮ ತಾಳಿತು. ಎರಡು ಬಾಗಿಲು, ಉಕ್ಕಿನ ಚಾಸಿಸ್ ಮೇಲೆ ಫೈಬರ್ ಮೈ, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಎಳೆತ, ನಾಲ್ಕು ಗೇರು. ಹಿಂದೆ ಪಾಟಾ ಸ್ಪ್ರಿಂಗ್. ಮುಂದೆ ಮಾತ್ರ ಸ್ಪೋರ್ಟ್ಸ್ ಕಾರಿಗೆ ಒಪ್ಪುವ ಜೋಡಿ ವಿಷ್‌ಬೋನ್ ಮತ್ತು ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್. ಅಂಬಾಸಡರಿನ ಭಾರದ ಚಕ್ರ ತಿರುಗಿಸಿ ತೋಳು ದಣಿದವರಿಗೆ ಡಾಲ್ಫಿನ್ನಿನ ಸ್ಟಿಯರಿಂಗ್ ಬೆರಳ ತುದಿಯಲ್ಲಿ ಆಡುವಂಥದು.

ಕಾಲ ಮಾತ್ರ ಕೂಡಿಬರಲಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಹಸ್ತಾಂತರಿಸಿದರು. 796 ಸಿ.ಸಿ., ತಗಡಿನ ಮೈ, ಜಪಾನಿನ ಅಚ್ಚುಕಟ್ಟು, ಬೆನ್ನಿಗೆ ಸರ್ಕಾರ. ಕೈಯಿಂದ ಹಚ್ಚಿ ಒಣಗಿಸಿದ ಫೈಬರ್ ಮೈಯಲ್ಲಿ ಬಾಗಿಲ ಸಂದುಗಳು ಒಂದೊಂದು ಕಾರಿಗೆ ಒಂದೊಂದು ಬಗೆ. ಪ್ರೆಸ್ಸಿನಿಂದ ಒಂದೇ ಏಟಿಗೆ ಇಳಿದ ಮಾರುತಿಯ ಎದುರು ಅದು ನಿಲ್ಲುವುದು ಕಷ್ಟವಿತ್ತು. ‘ಪ್ಲಾಸ್ಟಿಕ್ ಕಾರು’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಸಿಪಾನಿ ಆಮೇಲೆ ಹೆಚ್ಚು ಬಾಗಿಲುಗಳ, ಚೌಕ ಮೈಕಟ್ಟಿನ ಮೊಂಟಾನಾ ತಂದಿತು. 1990ರ ದಶಕದ ನಡುವೆ ಬ್ರಿಟನ್ನಿನದೇ ರೋವರ್ ಮೊಂಟೆಗೊ ಕಾರನ್ನೂ ಜೋಡಿಸಿ ಮಾರಿತು. ಅಲ್ಲಿಗೆ ಕಾರು ತಯಾರಿಕೆ ಮುಗಿಯಿತು.

ಓಟದ ಕಣದಲ್ಲಿ

ಮನೆಯವರು ಯಾವುದನ್ನು ಕೊರತೆ ಎಂದರೋ ರೇಸಿನವರಿಗೆ ಅದೇ ಬಂಡವಾಳವಾಯಿತು. ಆಗ ದಕ್ಷಿಣ ಭಾರತದ ಕಾರು ಓಟಕ್ಕೆ ಕೇಂದ್ರ ಮದರಾಸಿನ ಹೊರವಲಯದ ಶೋಳಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸು ನಡೆಸುತ್ತಿತ್ತು. ಅಲ್ಲಿಗೆ ಬರುತ್ತಿದ್ದ ಫಿಯೆಟ್, ಹೆರಾಲ್ಡ್‌ಗಳ ನಡುವೆ ಡಾಲ್ಫಿನ್ ಹುಟ್ಟುಹಗುರ. ಅದರಿಂದ ಹಿಂದಿನ ಸೀಟು, ಒಳಮೈ ಹೊದಿಕೆ ಕಿತ್ತರೆ ಇನ್ನಷ್ಟು ಹಗುರ. ತಿರುವಿಗೆ ಮುನ್ನ ಬ್ರೇಕು ತಡವಾಗಿ ಒತ್ತಬಹುದು, ತಿರುವು ಬಿಟ್ಟೊಡನೆ ಬೇಗ ವೇಗ ಹಿಡಿಯಬಹುದು. ರ‍್ಯಾಲಿಗಳಲ್ಲೂ ಡಾಲ್ಫಿನ್ ಇಳಿಯಿತು. ಕಾಫಿತೋಟದ ಮಣ್ಣುದಾರಿಯಲ್ಲಿ ಕೆಸರಿಗೆ ಸಿಕ್ಕರೆ ನಾಲ್ಕು ಜನ ಸೇರಿ ಪಕ್ಕಕ್ಕೆ ಎತ್ತಿಡುವಷ್ಟು ತೂಕದ ಕಾರು ಬೇರೆ ಎಲ್ಲಿತ್ತು?

ಇದೇ ಎಂಜಿನ್ ಇಂಗ್ಲೆಂಡಿನಲ್ಲೂ ಓಟದ ಮನೆತನಕ್ಕೆ ಸೇರಿತ್ತು. ಆಸ್ಟಿನ್ ಸೆವೆನ್ ಪ್ರಿಯರು 1939ರಲ್ಲಿ ಕಟ್ಟಿದ 750 ಮೋಟರ್ ಕ್ಲಬ್ಬಿನ ಓಟಗಳಲ್ಲಿ, ಹಳೆಯ ಆಸ್ಟಿನ್ ಎಂಜಿನ್‌ಗಳು ಮುಗಿಯುತ್ತ ಬಂದಂತೆ ಅವುಗಳ ಜಾಗಕ್ಕೆ ಬಂದದ್ದು ರಿಲಯಂಟ್ ಎಂಜಿನ್ನೇ. ಚಾಪ್‌ಮನ್ ಕೈಪಳಗಿಸಿಕೊಂಡ ಅಂಗಳದ ಎಂಜಿನ್ ಶೋಳಾವರಂನಲ್ಲೂ ಮೊರೆಯಿತು.

ಆದರೆ ಕಾರು ಅಪರೂಪವಾಗಲು ಈ ಪ್ರೀತಿಯೂ ಒಂದು ಕಾರಣ. ಮನೆಗಳಲ್ಲಿ ಮೂಲೆಗೆ ಬಿದ್ದಿದ್ದ ಡಾಲ್ಫಿನ್‌ಗಳನ್ನು ರೇಸಿನವರು ಅಗ್ಗಕ್ಕೆ ಕೊಂಡರು, ಕತ್ತರಿಸಿದರು, ಓಡಿಸಿದರು, ಒಡೆದರು. ಮೂಲ ಸೀಟು, ಮೂಲ ಡ್ಯಾಶ್‌ಬೋರ್ಡು, ಮೂಲ ಕಾರ್ಬ್ಯುರೇಟರು ಮೂರೂ ಉಳಿದ ಕಾರು ಈಗ ಕಣ್ಣಿಗೆ ಬೀಳುವುದು ದುರ್ಲಭ.

ದುರಸ್ತಿಯ ಕೆಲಸ

ಡಾಲ್ಫಿನ್ನಿನ ದುರಸ್ತಿ ತಗಡಿನ ಕಾರಿನ ದುರಸ್ತಿಯಂತಲ್ಲ. ಮೈಗೆ ತುಕ್ಕಿಲ್ಲ, ತುಕ್ಕು ಕೂತಿರುವುದು ಕೆಳಗಿನ ಚಾಸಿಸ್ಸಿನಲ್ಲಿ, ಕಣ್ಣಿಗೆ ಕಾಣದ ಕಡೆ. ಹೊರಗೆ ಹೊಳೆಯುವ ಕಾರಿನ ಅಡಿಗೆ ಹೋಗಿ ಸುತ್ತಿಗೆಯ ಹಿಡಿಯಿಂದ ಚಾಸಿಸ್ ಉದ್ದಕ್ಕೂ ತಟ್ಟುತ್ತ ಬರಬೇಕು. ಗಟ್ಟಿ ಸದ್ದು ಮಂಕಾದ ಕಡೆ ಬೆಸುಗೆ ಕಾದಿದೆ ಎಂದರ್ಥ.

ಮೈಯಲ್ಲಿ ಬರುವುದು ಬಿರುಕು. ಜೇಡರ ಬಲೆಯಂಥ ಸಣ್ಣ ಗೆರೆಗಳ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಆರು ತಿಂಗಳಿಗೆ ಅದೇ ಗೆರೆ ಮತ್ತೆ ಮೂಡುತ್ತದೆ. ಬಿರುಕನ್ನು ಬುಡದವರೆಗೆ ಉಜ್ಜಿ, ಹಳ್ಳ ತೋಡಿದಂತೆ ಅಗಲಿಸಿ, ಹಿಂಬದಿಯಿಂದ ಗಾಜಿನ ನಾರಿನ ಚಾಪೆ ಇಟ್ಟು ರೆಸಿನ್ ಕುಡಿಸಬೇಕು. ಬಿಳಿಯ ಚಾಪೆ ರೆಸಿನ್ ಹೀರುತ್ತ ಹೀರುತ್ತ ಪಾರದರ್ಶಕವಾಗುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ, ಬ್ರಶ್ಶಿನಿಂದ ಕುಟ್ಟಿ ಹೊರದಬ್ಬಬೇಕು. ಉಜ್ಜುವಾಗ ಏಳುವ ಗಾಜಿನ ಧೂಳು ಮೈಗೆ ತಾಗಿದರೆ ರಾತ್ರಿಯೆಲ್ಲ ನವೆ. ತುಂಬುತೋಳಿನ ಅಂಗಿ, ಮುಖಕ್ಕೆ ಮಾಸ್ಕು ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು.

ವಿದ್ಯುತ್ತಿನ ತೊಂದರೆಯೂ ಫೈಬರಿನಿಂದಲೇ. ತಗಡಿನ ಕಾರಿನಲ್ಲಿ ಮೈಯೇ ಅರ್ಥಿಂಗ್. ಇಲ್ಲಿ ಪ್ರತಿ ದೀಪಕ್ಕೂ ಚಾಸಿಸ್‌ವರೆಗೆ ಬೇರೆ ತಂತಿ ಎಳೆದಿರಬೇಕು. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟು ಮಿಣುಕಿತೆಂದರೆ ಬ್ಯಾಟರಿಯನ್ನು ದೂರಬೇಡಿ, ಅರ್ಥಿಂಗ್ ತಂತಿ ನೋಡಿ.

ಎಂಜಿನ್ನಿನಲ್ಲಿ ಒಂದು ಎಚ್ಚರ ಎಲ್ಲಕ್ಕಿಂತ ಮುಖ್ಯ. ಅಲ್ಯೂಮಿನಿಯಂ ಬ್ಲಾಕಿನೊಳಗೆ ನಾಲ್ಕು ಕಬ್ಬಿಣದ ಲೈನರುಗಳು ಕೂತಿರುತ್ತವೆ, ರೇಡಿಯೇಟರ್ ನೀರು ನೇರವಾಗಿ ಅವುಗಳ ಹೊರಮೈಗೆ ತಾಗುತ್ತದೆ. ಹೆಡ್ಡು ಬಿಚ್ಚಿದ ಮೇಲೆ ಲೈನರುಗಳನ್ನು ಕ್ಲಾಂಪು ಹಾಕಿ ಅದುಮಿಡದೆ ಎಂಜಿನ್ ತಿರುಗಿಸಿದರೆ ಅವು ಜಾಗ ಬಿಟ್ಟು ಮೇಲೇಳುತ್ತವೆ, ಬುಡದ ಸೀಲು ಹರಿಯುತ್ತದೆ. ಆಮೇಲೆ ನೀರು ಸೋರಿ ಆಯಿಲ್ಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದರೆ ಕಪ್ಪು ಆಯಿಲ್ ಬದಲು ಹಾಲುಬೆರೆತ ಕಾಫಿಯಂಥ ಬಣ್ಣ. ಅಂಬಾಸಡರ್ ಬಿಚ್ಚಿ ಪಳಗಿದ ಮೇಸ್ತ್ರಿಗೂ ಇದನ್ನು ಮೊದಲೇ ಹೇಳಿರಬೇಕು. ಬಿಡಿಭಾಗಗಳ ಮಟ್ಟಿಗೆ ಒಂದು ಸಮಾಧಾನವಿದೆ: ಈ ಎಂಜಿನ್ ರಿಲಯಂಟ್ ರಾಬಿನ್ ಎಂಬ ಮೂರು ಚಕ್ರದ ಕಾರಿನಲ್ಲೂ ಬಂದದ್ದರಿಂದ, ಬ್ರಿಟನ್ನಿನ ಹಳೆಗಾಡಿ ಪ್ರಿಯರ ನಡುವೆ ಗ್ಯಾಸ್ಕೆಟ್ಟು, ಲೈನರು, ಪಿಸ್ಟನ್ನುಗಳ ಕೊಡುಕೊಳ್ಳುವಿಕೆ ಇನ್ನೂ ನಡೆದಿದೆ.

ಎಡೆದೊರೆ ನಾಡಿನಲ್ಲಿ

ಇಂಥ ಕಾರನ್ನು ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಇಟ್ಟುಕೊಳ್ಳುವುದು ಬೆಂಗಳೂರಿನಲ್ಲಿ ಇಟ್ಟುಕೊಂಡಂತಲ್ಲ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಬೇಸಿಗೆ 40 ಡಿಗ್ರಿ ದಾಟುವುದು ವಾಡಿಕೆ. ಮೇ ತಿಂಗಳ ಮಧ್ಯಾಹ್ನ ರೆಸಿನ್ ಕಲಸಿದರೆ ಬ್ರಶ್ಶಿಗೆ ಹತ್ತುವ ಮೊದಲೇ ಡಬ್ಬಿಯಲ್ಲಿ ಕಲ್ಲಾಗುತ್ತದೆ. ಹಾರ್ಡನರ್ ಕಡಿಮೆ ಮಾಡಿ, ಹೊತ್ತು ಮೂಡುವ ಮುಂಚೆಯೇ ಕೆಲಸ ಮುಗಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಕೊಳವೆಯಲ್ಲಿ ಆವಿ ಕಟ್ಟಿರುವುದೇ ಹೆಚ್ಚು. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದರೆ ಸರಿಹೋಗುತ್ತದೆ.

ನೀರು ಇನ್ನೂ ದೊಡ್ಡ ವಿಷಯ. ಇಲ್ಲಿನ ಬೋರಿನ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಪ್ರತಿ ಮನೆಯವರೂ ಬಲ್ಲರು. ಆ ನೀರನ್ನು ಅಲ್ಯೂಮಿನಿಯಂ ಎಂಜಿನ್ನಿಗೆ ಹುಯ್ದರೆ ಉಪ್ಪಿನಂಶ ಲೋಹವನ್ನು ತಿನ್ನುತ್ತದೆ, ಹೆಡ್ ಗ್ಯಾಸ್ಕೆಟ್ಟಿನ ಅಂಚು ಪುಡಿಯಾಗುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿಯೇ ತುಂಬಬೇಕು. ದಾರಿಯಲ್ಲಿ ನೀರು ಮುಗಿದರೆ ಹೊಟೇಲಿನ ಜಗ್ಗಿಗೆ ಕೈ ಚಾಚುವ ಮೊದಲು ಇದು ನೆನಪಿರಲಿ.

ರಸ್ತೆಯ ಸಂಗತಿ ಬೇರೆಯೇ. ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಅದರ ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಕಿಟನ್‌ನದು 10 ಇಂಚಿನ ಪುಟ್ಟ ಚಕ್ರ. ಅಂಥ ಚಕ್ರಕ್ಕೆ ಪ್ರತಿ ಅಲೆಯೂ ಒಂದು ದಿಬ್ಬ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿ ಸೀಮೆಯಲ್ಲಿ ಭತ್ತದ ನಾಟಿ, ಕೊಯ್ಲಿನ ಹೊತ್ತಿಗೆ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನು ರಸ್ತೆಗೆ ಹೊತ್ತು ತರುತ್ತವೆ. ಹಗುರ ಗಾಡಿ ಅದರ ಮೇಲೆ ಎಣ್ಣೆ ಸವರಿದಂತೆ ಜಾರುತ್ತದೆ. ಎದುರಿನಿಂದ ಲಾರಿ ಹಾದರೆ ಗಾಳಿಯ ತಳ್ಳಾಟಕ್ಕೆ ಸ್ಟಿಯರಿಂಗ್ ಬಿಗಿ ಹಿಡಿಯಬೇಕು. ಆದರೆ ಜನವರಿಯ ಬೆಳಿಗ್ಗೆ ದೇವದುರ್ಗದ ದಾರಿ ಬರಿದಾಗಿದ್ದು, ತೊಗರಿ, ಹತ್ತಿಯ ಹೊಲಗಳ ನಡುವೆ ಕಿಟಕಿ ಇಳಿಸಿ ಮೂರನೇ ಗೇರಿನಲ್ಲಿ ಹೋಗುವಾಗ ಈ ಕಾರು ಕೊಡುವ ಸುಖ ಬೇರೆ. ಗಂಟೆಗೆ 50 ಕಿಲೊಮೀಟರ್ ವೇಗವೇ 100ರಂತೆ ಅನಿಸುತ್ತದೆ. ರಸ್ತೆಯ ಪ್ರತಿ ಮಾತೂ ಅಂಗೈಗೆ ಕೇಳುತ್ತದೆ.

ಈ ಭಾಗದಲ್ಲಿ ಅನುಕೂಲವೂ ಇದೆ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಭತ್ತದ ಗಿರಣಿಗಳನ್ನು ನಂಬಿದ ಊರುಗಳಲ್ಲಿ ಲೇತ್ ಅಂಗಡಿ, ರೇಡಿಯೇಟರ್ ಬೆಸುಗೆಯವರು, ಬುಶ್ ಕಡೆಯುವವರು ಇನ್ನೂ ಇದ್ದಾರೆ. ಕಂಪ್ಯೂಟರ್ ಹಚ್ಚಿ ನೋಡುವ ಷೋರೂಮಿಗಿಂತ ಹಳೆಯ ಎಂಜಿನ್ನಿಗೆ ಇವರ ಕೈ ಹಿತ.

ದಾಖಲೆ, ಕಾನೂನು

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಹೆಚ್ಚಿನ ಮಾರ್ಪಾಡಾಗದ ವಾಹನಗಳಿಗೆ ರಾಜ್ಯದ ಸಂಕೇತದ ಬಳಿಕ ‘ವಿಎ’ ಅಕ್ಷರವಿರುವ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಮುಂತಾದವಕ್ಕಷ್ಟೇ ರಸ್ತೆಗಿಳಿಸಬಹುದು. ಮೊದಲ ಡಾಲ್ಫಿನ್‌ಗಳು ಈ ಅರ್ಹತೆ ಪಡೆಯುವುದು 2032ರಲ್ಲಿ. ಅಲ್ಲಿಯವರೆಗೆ ಅವು ಸಾಮಾನ್ಯ ಹಳೆ ಕಾರುಗಳೇ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನಂತೆ ಐದೈದು ವರ್ಷಕ್ಕೆ ಎಫ್.ಸಿ. ಮಾಡಿಸಿ ನೋಂದಣಿ ನವೀಕರಿಸಬೇಕು. ಈ ನಡುವಿನ ವರ್ಷಗಳಲ್ಲೇ ಕಾರುಗಳು ಗುಜರಿಗೆ ಹೋಗುವುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಹಳೆಯ ಕಾರುಗಳನ್ನು ಕಾಪಾಡುತ್ತ ಬಂದಿವೆ. ಅಂಥ ಕಡೆ ಮುಂದಿನ ಸಾಲಿನಲ್ಲಿ ನಿಲ್ಲುವ ಹಕ್ಕು ನಮ್ಮ ನೆಲದಲ್ಲೇ ತಯಾರಾದ ಡಾಲ್ಫಿನ್ನಿಗಿದೆ.

ಕೊಳ್ಳುವವರು ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ಚಾಸಿಸ್ ಸಂಖ್ಯೆಯನ್ನು. ಮೈ ಬದಲಾಗಿರಬಹುದು, ಎಂಜಿನ್ ರೇಸಿಗೆ ಹೋಗಿ ಬೇರೆಯದು ಬಂದಿರಬಹುದು, ಆರ್.ಸಿ. ಪುಸ್ತಕದ ಸಂಖ್ಯೆ ಉಕ್ಕಿನ ಮೇಲೆ ಕೊರೆದದ್ದಕ್ಕೆ ತಾಳೆಯಾದರೆ ಮಾತ್ರ ಮುಂದಿನ ಮಾತು.