ಗುಂಡಿಯ ಮೇಲಣ ಹೊದಿಕೆ: ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಬೇಟೆಯ ಚರಿತ್ರೆಗೆ ಒಂದು ಪೀಠಿಕೆ

೧

ಸಂಸ್ಕೃತ ನಿಘಂಟುಗಳಲ್ಲಿ ‘ಅವಪಾತ’ ಎಂಬ ಶಬ್ದಕ್ಕೆ, ಆನೆಯನ್ನು ಹಿಡಿಯುವುದಕ್ಕಾಗಿ ಹುಲ್ಲು ಮೊದಲಾದವುಗಳಿಂದ ಮರೆಮಾಡಿದ ಗುಂಡಿ ಎಂಬ ಅರ್ಥವನ್ನು ಕೊಟ್ಟಿರುವುದುಂಟು. ಗುಂಡಿಯ ಆಳವೆಷ್ಟು, ಅಗಲವೆಷ್ಟು ಎಂಬುದನ್ನು ನಿಘಂಟುಕಾರರು ಹೇಳುವುದಿಲ್ಲ. ಅದರ ಮೇಲಿನ ಹೊದಿಕೆಯನ್ನು ಮಾತ್ರ ಹೇಳುತ್ತಾರೆ. ಇದು ಉಚಿತವೇ ಆಗಿದೆ, ಏಕೆಂದರೆ ಹೊದಿಕೆಯಿಲ್ಲದ ಗುಂಡಿ ಬೇಟೆಯ ಸಾಧನವಾಗಲಾರದು. ಆದರೆ ‘ಮೊದಲಾದವು’ ಎಂಬ ಒಂದು ಮಾತಿನೊಳಗೆ ಏನೇನು ಅಡಗಿದೆ? ಯಾವ ಹುಲ್ಲು, ಯಾವ ಎಲೆ, ಯಾವ ಮಣ್ಣು, ಯಾವ ಋತುವಿನಲ್ಲಿ, ಯಾವ ಪ್ರಾಣಿಗಾಗಿ? ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬೇಟೆಯ ವಿಷಯದಲ್ಲಿ ನಮ್ಮ ಚರಿತ್ರೆಯ ಆಕರಗಳು ಪಕ್ಷಪಾತವುಳ್ಳವು. ಕ್ರಿ. ಶ. ೯೪೯-೫೦ರ ಆತಕೂರು ಶಾಸನ ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಕೋಟಿ ಚೆನ್ನಯರ ಪಾಡ್ದನದಲ್ಲಿ ಎಣ್ಮೂರು-ಪಂಜ ಸೀಮೆಗಳ ಹಂದಿಬೇಟೆಯ ಪ್ರಸಂಗ ಮಹತ್ವದ್ದಾಗಿದೆ. ಈ ಎರಡು ಕಡೆಯಲ್ಲಿಯೂ ಹೊಗಳಿಕೆಗೆ ಪಾತ್ರವಾಗಿರುವುದು ಎದುರುನಿಂತು ಮಾಡಿದ ಬೇಟೆ. ಎಲೆ ಹಾಸಿ, ಮರೆಯಾಗಿ, ಮನೆಗೆ ಹಿಂದಿರುಗಿ ಮಲಗಿದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಹೊಲವನ್ನು ಕಾಯಬೇಕಾಗಿದ್ದ ಸಾಮಾನ್ಯ ಕೃಷಿಕನಿಗೆ ಮಾತ್ರ ಶೌರ್ಯದ ಬೇಟೆಗಿಂತ ಗುಂಡಿ, ಬಲೆ, ಉರುಳುಗಳೇ ಹತ್ತಿರದವಾಗಿದ್ದಿರಬೇಕು.

೨

ಹೊದಿಕೆಯ ಬಗೆಗೆ ದೊರೆಯುವ ಹಳೆಯ ಉಲ್ಲೇಖಗಳಲ್ಲಿ ಒಂದು ಗ್ರೀಕ್ ಭಾಷೆಯದು. ಕ್ರಿ. ಪೂ. ೩೦೦ರ ಸುಮಾರಿಗೆ ಮೌರ್ಯರ ಆಸ್ಥಾನಕ್ಕೆ ಬಂದಿದ್ದ ಮೆಗಾಸ್ತನೀಸನ ಬರಹವನ್ನು ಅವಲಂಬಿಸಿ, ಕ್ರಿ. ಶ. ಎರಡನೆಯ ಶತಮಾನದ ಅರ್ರಿಯನ್ನನು ಭಾರತೀಯರ ಆನೆಬೇಟೆಯನ್ನು ವಿವರಿಸಿದ್ದಾನೆ. ಬಯಲಿನ ಸುತ್ತಲೂ ಆಳವಾದ ಕಂದಕವನ್ನು ತೋಡಿ, ಒಳಗೆ ಪಳಗಿದ ಹೆಣ್ಣಾನೆಗಳನ್ನು ನಿಲ್ಲಿಸಿ, ಒಂದು ಕಡೆಯಲ್ಲಿ ಮಾತ್ರ ಸೇತುವೆಯನ್ನು ಕಟ್ಟುತ್ತಿದ್ದರು. ಕಾಡಾನೆಗಳಿಗೆ ಸಂಶಯ ಬಾರದಂತೆ ಆ ಸೇತುವೆಯ ಮೇಲೆ ಮಣ್ಣನ್ನೂ ಹೇರಳವಾಗಿ ಹುಲ್ಲನ್ನೂ ಹರಡುತ್ತಿದ್ದರು. ಇಲ್ಲಿ ಕಂದಕವು ತೆರೆದೇ ಇದೆ, ಮೋಸವಿರುವುದು ಹೊದಿಕೆಯಲ್ಲಿ.

ಕರ್ಣಾಟಕದ ನೆಲದಲ್ಲಿಯೇ ಹುಟ್ಟಿದ ಸಾಕ್ಷ್ಯವೆಂದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ೧೧೨೯ರ ಸುಮಾರಿನ ಈ ಗ್ರಂಥದಲ್ಲಿ ಆನೆ ಹಿಡಿಯುವ ಐದು ವಿಧಾನಗಳ ಮಾತು ಬಂದಿದೆ: ವಾರಿಬಂಧ, ವಶಾಬಂಧ, ಅನುಗತ, ಆಪಾತ, ಅವಪಾತ. ಈ ವಿಂಗಡಣೆಯೇ ಕೇರಳದ ‘ಮಾತಂಗಲೀಲೆ’ಯಲ್ಲಿಯೂ ಕಂಡುಬರುತ್ತದೆ. ಇವುಗಳಲ್ಲಿ ಅವಪಾತ, ಎಂದರೆ ಮರೆಮಾಡಿದ ಗುಂಡಿಗೆ ಬೀಳಿಸುವುದು, ಆನೆಯ ನಾಶಕ್ಕೆ ಕಾರಣವಾಗುವುದರಿಂದ ಪ್ರಶಸ್ತವಲ್ಲವೆಂಬ ಅಭಿಪ್ರಾಯ ಗಜಶಾಸ್ತ್ರದಲ್ಲಿದೆ. ಏಳು ಶತಮಾನಗಳ ತರುವಾಯ, ಮೈಸೂರಿನಲ್ಲಿ ೧೮೭೪ರಲ್ಲಿ ಖೆಡ್ಡಾ ವಿಧಾನವನ್ನು ಯಶಸ್ವಿಯಾಗಿ ನಡೆಸಿದ ಜಿ. ಪಿ. ಸ್ಯಾಂಡರ್ಸನ್ನನೂ ಗುಂಡಿಯ ವಿಧಾನವನ್ನು ಕ್ರೂರವೆಂದೇ ಬಗೆದನು. ಇಷ್ಟಾದರೂ ಆ ವಿಧಾನ ನಿಲ್ಲಲಿಲ್ಲ. ಕೇರಳದ ಕೋನ್ನಿಯಂತಹ ಸ್ಥಳಗಳಲ್ಲಿ ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದವರೆಗೂ ಅದು ಉಳಿದಿತ್ತು.

ಇಲ್ಲಿ ಭಾಷೆಯ ಒಂದು ವೈಚಿತ್ರ್ಯವನ್ನೂ ಗಮನಿಸಬೇಕು. ಖೆಡ್ಡಾ ಎಂಬುದು ವಸ್ತುತಃ ಆನೆಗಳ ಹಿಂಡನ್ನು ಅಟ್ಟಿ ಆವರಣದೊಳಗೆ ಕೂಡುವ ಕ್ರಮವೇ ಹೊರತು ಗುಂಡಿಯಲ್ಲ. ಆದರೆ ಕನ್ನಡದ ಬಳಕೆಯ ಮಾತಿನಲ್ಲಿ ‘ಖೆಡ್ಡಾ ತೋಡುವುದು’, ‘ಖೆಡ್ಡಾಕ್ಕೆ ಕೆಡಹುವುದು’ ಎಂದರೆ ಮರೆಯಲ್ಲಿ ಕೇಡು ಬಗೆಯುವುದು. ಹೊಸ ಶಬ್ದ ಬಂದಾಗಲೂ ಜನರು ಅದಕ್ಕೆ ತಮಗೆ ಪರಿಚಿತವಾಗಿದ್ದ ಹಳೆಯ ಗುಂಡಿಯ ಅರ್ಥವನ್ನೇ ಹೊದಿಸಿದರು. ಗುಂಡಿಯ ನೆನಪು ಎಷ್ಟು ಆಳವಾದದ್ದೆಂಬುದಕ್ಕೆ ಇದೂ ಒಂದು ಸಾಕ್ಷಿ.

೩

ಈಗ ನಮ್ಮ ಪ್ರದೇಶಕ್ಕೆ ಬರೋಣ. ನೇತ್ರಾವತಿಯ ದಂಡೆಯ ಬಂಟವಾಳ, ಚಾರ್ಮಾಡಿ ಘಟ್ಟದ ಬುಡದ ಬೆಳ್ತಂಗಡಿ, ಜೈನರ ಪುಣ್ಯಕ್ಷೇತ್ರವಾದ ಮೂಡುಬಿದಿರೆ, ಈ ಮೂರೂ ಕಡೆಗಳಲ್ಲಿ ಮುರಕಲ್ಲಿನ ಗುಡ್ಡ, ಗುಡ್ಡಗಳ ನಡುವೆ ಕಿರಿದಾದ ಗದ್ದೆ, ತೋಟ, ಅದರಾಚೆ ಕಾಡು ಎಂಬುದೇ ಭೂಮಿಯ ಸ್ವರೂಪ. ಮಳೆ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಕಾಡಿಗೂ ಗದ್ದೆಗೂ ದೂರವಿಲ್ಲದ ಕಾರಣ ಹಂದಿ, ಮುಳ್ಳುಹಂದಿಗಳ ಕಾಟ ಇಲ್ಲಿಯ ಕೃಷಿಯಷ್ಟೇ ಹಳೆಯದಾಗಿರಬೇಕು.

ಇಂತಹ ನೆಲದಲ್ಲಿ ಹೊದಿಕೆಯ ವಸ್ತುವನ್ನು ಆರಿಸುವವನು ನಾಲ್ಕು ವಿಷಯಗಳನ್ನು ತೂಗಿನೋಡಬೇಕಾಗುತ್ತದೆ. ಮೊದಲನೆಯದು ಭಾರ. ಹೊದಿಕೆ ತನ್ನ ತೂಕವನ್ನೂ ಮೇಲೆ ಬಿದ್ದ ಎಲೆಯನ್ನೂ ತಾಳಿಕೊಳ್ಳಬೇಕು. ಪ್ರಾಣಿ ಕಾಲಿಟ್ಟೊಡನೆ ಮುರಿಯಬೇಕು. ಹಸಿ ಬಿದಿರು ಬಾಗುತ್ತದೆಯೇ ಹೊರತು ಸುಲಭವಾಗಿ ಮುರಿಯುವುದಿಲ್ಲ. ಒಣಗಿದ ತೆಳು ಓಟೆಯಾದರೆ ಥಟ್ಟನೆ ಮುರಿಯುತ್ತದೆ. ಎರಡನೆಯದು ತೇವ. ಅಡಕೆಯ ಹಾಳೆ ಒಣಗಿದಾಗ ಗಡುಸು, ನೆನೆದಾಗ ಮೆತ್ತಗೆ. ತರಗೆಲೆ ಒಂದು ಮಳೆಗೆ ಕುಗ್ಗಿ ಅಂಟಿಕೊಳ್ಳುತ್ತದೆ. ಮುಳಿಹುಲ್ಲು ನೀರನ್ನು ಇಳಿಯಗೊಟ್ಟು ಹೆಚ್ಚು ಕಾಲ ನಿಲ್ಲುತ್ತದೆ. ಮಳೆಗಾಲದಲ್ಲಿ ಗುಂಡಿಯೇ ನೀರು ತುಂಬಿಕೊಳ್ಳುವುದರಿಂದ, ಇಲ್ಲಿ ಹೊದಿಕೆಯ ಗುಂಡಿ ಮುಖ್ಯವಾಗಿ ಮಳೆ ಹಿಂದೆಗೆದ ಮೇಲಿನ ತಿಂಗಳುಗಳ ಸಾಧನವಾಗಿತ್ತೆಂದು ಊಹಿಸುವುದು ಅಸಂಗತವಲ್ಲ.

ಮೂರನೆಯದು ನೋಟ. ಗೇರುಮರದ ಅಡಿಯಲ್ಲಿ ಹಲಸಿನ ಎಲೆಯೂ, ಹಲಸಿನ ಅಡಿಯಲ್ಲಿ ತೆಂಗಿನ ಮಡಲೂ ಇದ್ದರೆ ಅದು ಪರಕೀಯವಾಗಿ ಕಾಣುತ್ತದೆ. ಗುಂಡಿಯಿಂದ ಮೇಲೆ ಬಂದ ಕೆಂಪು ಮಣ್ಣು ಕಪ್ಪಾದ ಮೇಲ್ಮಣ್ಣಿಗಿಂತ ಭಿನ್ನವಾದದ್ದು. ಅದನ್ನು ದೂರ ಸಾಗಿಸದಿದ್ದರೆ ಹೊದಿಕೆಯ ಕೆಲಸವೆಲ್ಲ ವ್ಯರ್ಥ. ನಾಲ್ಕನೆಯದೂ ಅತ್ಯಂತ ಕಠಿನವಾದದ್ದೂ ವಾಸನೆ. ಹಂದಿಯ ಕಣ್ಣು ಮಂದ, ಮೂಗು ಚುರುಕು. ಆನೆ ಸಂಶಯವಿರುವ ನೆಲವನ್ನು ಸೊಂಡಿಲಿನಿಂದಲೂ ಕಾಲಿನಿಂದಲೂ ಪರೀಕ್ಷಿಸುತ್ತದೆ. ಕಣ್ಣಿಗೆ ಒಪ್ಪುವ ಹೊದಿಕೆ ಮೂಗಿಗೂ ಒಪ್ಪಬೇಕೆಂದರೆ, ಆಗತಾನೆ ಕತ್ತಿಯಿಂದ ಕಡಿದ, ಕೈವಾಸನೆ ಹತ್ತಿದ ಸೊಪ್ಪಿಗಿಂತ ಅಲ್ಲಿಯೇ ಬಿದ್ದು ಅಲ್ಲಿಯೇ ಒಣಗಿದ ತರಗೆಲೆಯೇ ಮೇಲು.

ಈ ವಸ್ತುಗಳಾವುವೂ ಬೇಟೆಗೆಂದೇ ಸಂಗ್ರಹಿಸಿದವಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಜಿಲ್ಲೆಯ ಭೂಹಿಡುವಳಿಯ ಪದ್ಧತಿಯಲ್ಲಿ ವರ್ಗ ಭೂಮಿಗೆ ತಾಗಿದ ಸುಮಾರು ನೂರು ಗಜದ ಕುಮ್ಕಿಯಿಂದ ಸೊಪ್ಪು, ತರಗೆಲೆಗಳನ್ನು ತರುವ ಸೌಲಭ್ಯ ಕೃಷಿಕನಿಗಿತ್ತು. ಹಟ್ಟಿಗೆ ಹಾಸುವ ಎಲೆ ಯಾವುದು, ಬೇಗ ಕೊಳೆಯುವುದು ಯಾವುದು, ಮಾಡಿಗೆ ಹೊದಿಸುವ ಮುಳಿ ಎಷ್ಟು ಕಾಲ ಬಾಳುತ್ತದೆ ಎಂಬ ಜ್ಞಾನ ನಿತ್ಯದ ಬೇಸಾಯದಿಂದ ಬಂದದ್ದು. ಗುಂಡಿಯ ಹೊದಿಕೆ ಆ ಜ್ಞಾನದ ಇನ್ನೊಂದು ಮುಖ. ನೆರಿಯ, ಧರ್ಮಸ್ಥಳ, ಶಿಶಿಲಗಳ ಮಲೆಕುಡಿಯರು ಘಟ್ಟದ ಏಲಕ್ಕಿ ತೋಟಗಳಲ್ಲಿ ಭೂಮಾಲಿಕರಿಗೆ ದುಡಿಯುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ನನ ೧೯೦೯ರ ಗ್ರಂಥ ತಿಳಿಸುತ್ತದೆ. ಕಾಡಿನ ಎಲೆ, ಬಳ್ಳಿ, ಬೆತ್ತಗಳ ಗುಣಾವಗುಣಗಳನ್ನು ಅವರಷ್ಟು ಬಲ್ಲವರು ವಿರಳ. ಆದರೆ ಅವರ ದುಡಿಮೆ ಲೆಕ್ಕಕ್ಕೆ ಸೇರಿತು. ಅವರ ವಿದ್ಯೆ ಬರಹಕ್ಕೆ ಸೇರಲಿಲ್ಲ.

೪

ಹೋಲಿಕೆಗಾಗಿ ದೂರದ ಒಂದು ಉದಾಹರಣೆಯನ್ನು ನೋಡಬಹುದು. ಉತ್ತರ ಅಮೆರಿಕದಲ್ಲಿ ತುಪ್ಪುಳಿನ ಚರ್ಮಕ್ಕಾಗಿ ಪ್ರಾಣಿಗಳನ್ನು ಹಿಡಿಯುವುದು ದೊಡ್ಡ ವಾಣಿಜ್ಯವಾಗಿ ಬೆಳೆಯಿತು. ಹಡ್ಸನ್ಸ್ ಬೇ ಕಂಪೆನಿ ಸ್ಥಾಪಿತವಾದದ್ದು ೧೬೭೦ರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸೂವೆಲ್ ನ್ಯೂಹೌಸ್ ಎಂಬಾತನು ಉಕ್ಕಿನ ದವಡೆಯುಳ್ಳ ಬೋನುಗಳನ್ನು ತಯಾರಿಸಿ ಪ್ರಸಿದ್ಧನಾದನು. ಅಂತಹ ಬೋನಿನ ನಡುವೆ ಒಂದು ಚಿಕ್ಕ ತಟ್ಟೆಯಿರುತ್ತದೆ; ಪ್ರಾಣಿ ಅದನ್ನು ತುಳಿದೊಡನೆ ದವಡೆ ಮುಚ್ಚಿಕೊಳ್ಳುತ್ತದೆ. ತಟ್ಟೆಯ ಅಡಿಗೆ ಮಣ್ಣು ಸೇರಿದರೆ ಅದು ಕೆಳಗಿಳಿಯದು; ಆದ್ದರಿಂದ ಬಟ್ಟೆ, ಕಾಗದ, ಪಾಚಿ, ಎಲೆಗಳಿಂದ ಅದನ್ನು ಮುಚ್ಚಿ, ಮೇಲೆ ಒಣಮಣ್ಣನ್ನು ಉದುರಿಸುವುದು ಅಲ್ಲಿಯ ಬೇಟೆಗಾರರ ರೂಢಿ. ತೇವದ ಮಣ್ಣು ಚಳಿಗೆ ಹೆಪ್ಪುಗಟ್ಟಿದರೆ ಬೋನು ನಿಷ್ಪ್ರಯೋಜಕವಾಗುತ್ತದೆ. ಅವರಿಗೆ ಹಿಮದ ಭಯ, ನಮ್ಮವರಿಗೆ ಮಳೆಯ ಭಯ. ಗುಂಡಿಯ ಹೊದಿಕೆ ಮುರಿಯಬೇಕು, ತಟ್ಟೆಯ ಹೊದಿಕೆ ಬಾಗಬೇಕು. ಆದರೆ ವಾಸನೆ, ನೋಟ, ತೇವಗಳ ಲೆಕ್ಕಾಚಾರ ಎರಡೂ ಕಡೆ ಒಂದೇ.

ಭೇದವಿರುವುದು ಉದ್ದೇಶದಲ್ಲಿ. ಅಲ್ಲಿಯದು ಮಾರುಕಟ್ಟೆಗಾಗಿ ನಡೆದದ್ದು. ಅದರಿಂದಾಗಿ ಅದಕ್ಕೆ ಕೈಪಿಡಿಗಳು ಹುಟ್ಟಿದವು. ನ್ಯೂಹೌಸನ ‘ಟ್ರ್ಯಾಪರ್ಸ್ ಗೈಡ್’ ೧೮೬೫ರಲ್ಲಿಯೇ ಅಚ್ಚಾಯಿತು. ತುಳುನಾಡಿನ ಸೆಕೆಯಲ್ಲಿ ಅಂತಹ ದಟ್ಟ ತುಪ್ಪುಳಿನ ವ್ಯಾಪಾರಕ್ಕೆ ಅವಕಾಶವಿರಲಿಲ್ಲ. ಇಲ್ಲಿಯ ಹೊದಿಕೆ ಬೆಳೆಯ ರಕ್ಷಣೆಗೂ ಊಟದ ಮಾಂಸಕ್ಕೂ ಸಂಬಂಧಿಸಿದ್ದು. ಆದುದರಿಂದಲೇ ಅದು ಬಾಯಿಂದ ಬಾಯಿಗೆ ಸಾಗಿತು.

೫

ಈ ನಾಡಿನ ಧಾರ್ಮಿಕ ಜೀವನದಲ್ಲಿ ಬೇಟೆಯ ಪ್ರಶ್ನೆ ಎಂದೂ ಸರಳವಾಗಿರಲಿಲ್ಲ. ಬೆಳೆಯನ್ನು ತುಳಿಯುವ ಹಂದಿಯೇ ಪಂಜುರ್ಲಿಯೆಂಬ ದೈವವಾಗಿ ಆರಾಧನೆಗೊಳ್ಳುತ್ತದೆ. ಮಕರಮಾಸದ ಅಂತ್ಯಕ್ಕೆ ಬರುವ ಕೆಡ್ಡಸದ ಮೂರು ದಿನಗಳಲ್ಲಿ ಭೂಮಿದೇವಿ ಋತುಮತಿಯಾಗಿರುವಳೆಂಬ ನಂಬಿಕೆಯಿಂದ ನೆಲವನ್ನು ಅಗೆಯಬಾರದು, ಉಳಬಾರದು. ಆದರೆ ಊರವರು ಕೂಡಿ ಬೋಂಟೆಗೆ, ಎಂದರೆ ಬೇಟೆಗೆ, ಹೊರಡುವ ಸಂಪ್ರದಾಯ ಅದೇ ಪರ್ವಕ್ಕೆ ಸೇರಿದೆ. ನೆಲ ಅಗೆಯದೆ ಮಾಡುವ ಬೇಟೆ ಬಹಿರಂಗವಾದದ್ದು, ಸಾಮೂಹಿಕವಾದದ್ದು. ಗುಂಡಿಯ ಬೇಟೆ ಆ ಮೂರು ದಿನ ಸಹಜವಾಗಿಯೇ ಹೊರಗುಳಿಯುತ್ತದೆ.

ಇನ್ನೊಂದು ಕಡೆಯಲ್ಲಿ ಮೂಡುಬಿದಿರೆಯಿದೆ. ೧೪೩೦ರ ಸಾವಿರಕಂಬದ ಬಸದಿಯನ್ನು ಹೊಂದಿರುವ ಈ ಊರಿನ ಸುತ್ತ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿಯಲ್ಲಿ ಬಂಗರು, ಹೀಗೆ ಜೈನ ಅರಸುಮನೆತನಗಳು ಕೃಷಿಕ ಪ್ರಜೆಗಳನ್ನು ಆಳಿದವು. ಜೈನಧರ್ಮ ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯಮೀ, ವಿರೋಧೀ ಎಂದು ವಿಭಾಗಿಸುತ್ತದೆ. ಉಳುವಾಗ ಹುಳು ಸಾಯುವುದು ಉದ್ಯಮದ ಹಿಂಸೆ. ಉದ್ದೇಶಪೂರ್ವಕವಾಗಿ ಕೊಲ್ಲುವುದು ಸಂಕಲ್ಪದ ಹಿಂಸೆ, ಅದು ಶ್ರಾವಕನಿಗೆ ಸರ್ವಥಾ ವರ್ಜ್ಯ. ಈ ವಿಭಾಗವನ್ನು ನಮ್ಮ ವಿಷಯಕ್ಕೆ ಅನ್ವಯಿಸಿದರೆ ಒಂದು ಸೂಕ್ಷ್ಮ ಗೋಚರವಾಗುತ್ತದೆ. ತೋಟದ ಸುತ್ತ ತೋಡಿದ ಅಗಳು ಪ್ರಾಣಿಗೆ ಎಚ್ಚರಿಕೆ ಕೊಡುತ್ತದೆ: ಇತ್ತ ಬರಬೇಡ. ಅದೇ ಆಳದ, ಅದೇ ಮಣ್ಣಿನ ಗುಂಡಿಯ ಮೇಲೆ ಎಲೆ ಹಾಸಿದೊಡನೆ ಅದು ‘ಇತ್ತ ಬಾ’ ಎನ್ನುತ್ತದೆ. ರಕ್ಷಣೆಗೂ ಬೇಟೆಗೂ ನಡುವೆ ಇರುವ ಅಂತರ ಒಂದು ಹಿಡಿ ತರಗೆಲೆಯಷ್ಟು. ಹೊದಿಕೆಯೇ ಸಂಕಲ್ಪದ ಸಾಕ್ಷಿ.

ಹೊದಿಕೆ ಉತ್ತಮವಾದಷ್ಟೂ ಇನ್ನೊಂದು ಅಪಾಯ ಹೆಚ್ಚುತ್ತದೆ. ಹಂದಿಯ ಕಣ್ಣಿಗೆ ಮರೆಯಾದದ್ದು ಮೇಯುವ ದನಕ್ಕೂ ಸೊಪ್ಪು ತರಲು ಹೋದ ಹೆಂಗಸಿಗೂ ಮರೆಯಾಗಿಯೇ ಇರುತ್ತದೆ. ಆದುದರಿಂದ ಪ್ರಾಣಿಯಿಂದ ಮುಚ್ಚಿಟ್ಟದ್ದನ್ನು ನೆರೆಯವರಿಗೆ ತಿಳಿಸಲೇಬೇಕು. ಗುಂಡಿಯು ಕಾಡಿಗೆ ರಹಸ್ಯ, ಊರಿಗೆ ಬಹಿರಂಗ ಎಂಬ ಈ ಅನಿವಾರ್ಯತೆಯಿಲ್ಲದೆ ಯಾವ ಗ್ರಾಮವೂ ಅದನ್ನು ಸಹಿಸಲಾರದು.

೬

೧೭೯೯ರಲ್ಲಿ ಕೆನರಾ ಪ್ರಾಂತ ಕಂಪೆನಿಯ ವಶವಾದ ತರುವಾಯ ಕಾಡಿಗೂ ಕೃಷಿಕನಿಗೂ ನಡುವೆ ಕಾಯಿದೆ ಪ್ರವೇಶಿಸಿತು. ೧೮೭೩ರ ಮದರಾಸು ಶಾಸನ ಕಾಡಾನೆಯ ವಧೆಯನ್ನು ನಿರ್ಬಂಧಿಸಿತು. ೧೮೮೨ರ ಮದರಾಸು ಅರಣ್ಯ ಶಾಸನದಿಂದ ಮೀಸಲು ಕಾಡುಗಳಲ್ಲಿ ಬೇಟೆಯೂ ಬೋನು-ಉರುಳುಗಳೂ ನಿಯಮಗಳಿಗೆ ಒಳಪಟ್ಟವು. ೧೯೫೬ರ ನವೆಂಬರ್ ೧ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನ, ಉರುಳೊಡ್ಡುವುದನ್ನೂ ಬೋನಿಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿತು. ಹೊದಿಕೆಯ ಗುಂಡಿ ಹೀಗೆ ನ್ಯಾಯದ ಹೊರಗಾಯಿತು; ಆಗಬೇಕಾದದ್ದೇ.

ಆದರೆ ಅದರ ಸ್ಥಾನಕ್ಕೆ ಬಂದದ್ದು ಉತ್ತಮವಾದುದೆಂದು ಹೇಳಲಾಗದು. ಹಂದಿಗೆಂದು ಕಾನೂನುಬಾಹಿರವಾಗಿ ಕಟ್ಟಿದ ತಂತಿಯ ಉರುಳಿಗೆ ಚಿರತೆ ಸಿಕ್ಕಿ ನರಳುವ ವಾರ್ತೆಗಳನ್ನು ಈ ಜಿಲ್ಲೆಯವರು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದಾರೆ. ತಂತಿಗೆ ಹೊದಿಕೆ ಬೇಡ, ಋತುವಿನ ಅರಿವು ಬೇಡ, ಎಲೆಯ ಪರಿಚಯ ಬೇಡ, ನೆರೆಯವನಿಗೆ ತಿಳಿಸುವ ಹೊಣೆಯೂ ಬೇಡ. ಮತ್ತೊಂದು ಕಡೆ, ಆನೆಗಳನ್ನು ತಡೆಯಲು ಕಾಡಿನ ಅಂಚಿನಲ್ಲಿ ಆನೆಕಂದಕಗಳನ್ನು ತೋಡುವ ಕ್ರಮ ರಾಜ್ಯದಲ್ಲಿ ರೂಢಿಗೆ ಬಂದಿದೆ. ಹಳೆಯ ಅಗಳು ಹೊದಿಕೆಯಿಲ್ಲದೆ ಮರಳಿ ಬಂದಂತೆ ಇದು ತೋರುತ್ತದೆ.

ಗುಂಡಿಯ ಕುರುಹು ಮುರಕಲ್ಲಿನ ನೆಲದಲ್ಲಿ ಬಹುಕಾಲ ಉಳಿಯಬಹುದು. ಅದರ ಮೇಲಣ ಓಟೆ, ಮುಳಿ, ತರಗೆಲೆಗಳು ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ಉತ್ಖನನದಿಂದ ಪಡೆಯುವುದು ಸಾಧ್ಯವಿಲ್ಲ. ವೃದ್ಧರ ನೆನಪಿನಲ್ಲಿಯೂ ತುಳು-ಕನ್ನಡಗಳ ಮಾತುಗಳಲ್ಲಿಯೂ ಮಾತ್ರ ಅದನ್ನು ಅರಸಬೇಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಮನೆಗಳಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ, ಯಾವ ಎಲೆಗೆ ಯಾವ ಹೆಸರು, ಯಾವ ಹುಲ್ಲು ಯಾವ ಕೆಲಸಕ್ಕೆ ಎಂಬುದನ್ನು ಬರೆದಿಟ್ಟರೆ ದೊಡ್ಡ ಉಪಕಾರವಾದೀತು. ಬೇಟೆಯನ್ನು ಮತ್ತೆ ಬದುಕಿಸುವ ಉದ್ದೇಶ ಇದರಲ್ಲಿಲ್ಲ. ನಿಘಂಟುಕಾರರು ‘ಮೊದಲಾದವು’ ಎಂದು ಬಿಟ್ಟುಹೋದ ಸ್ಥಳವನ್ನು ಇಷ್ಟಾದರೂ ತುಂಬಿದಂತಾಗುತ್ತದೆ.