ಪಡಸಾಲಿಯ ಕಂಬ ಮತ್ತು ಬೆಕ್ಕಿನ ಉಗುರು: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮನೆಗಳಿಗೆ ಒಪ್ಪುವ ಪರಚುಗಂಬದ ವಿಚಾರ

ಸುರಪುರ, ಶಹಾಪುರದ ಹಳೆಯ ಮಾಳಿಗೆ ಮನೆಗಳಲ್ಲಿ ಪಡಸಾಲಿಯ ಕಟ್ಟಿಗೆ ಕಂಬಗಳನ್ನು ಬೆಳಕಿಗೆ ಓರೆಯಾಗಿ ನಿಂತು ನೋಡಿದರೆ, ಬೆಕ್ಕು ಸಾಕಿದ ಮನೆ ಯಾವುದೆಂದು ಕೇಳಬೇಕಾಗಿಲ್ಲ. ಮೊಣಕಾಲಿನಿಂದ ತೊಡೆಯ ಮಟ್ಟದವರೆಗೆ ಮೇಲಿಂದ ಕೆಳಕ್ಕೆ ಎಳೆದ ಸಣ್ಣ ಗೀರುಗಳು ಒತ್ತೊತ್ತಾಗಿ ಬಿದ್ದು ಕಟ್ಟಿಗೆ ನಾರುನಾರಾಗಿ ಎದ್ದಿರುತ್ತದೆ. ಚೌಕ ಕಂಬವಾದರೆ ಅಂಚು ಮೊದಲು ಸವೆಯುತ್ತದೆ. ಈ ಗೀರುಗಳಿಗಾಗಿ ಬೆಕ್ಕನ್ನು ಗದರಿಸಿದವರು ಕಡಿಮೆ. ತೊಲೆ, ಜಂತಿ, ಮೇಲ್ಮುದ್ದೆಯ ಮಣ್ಣಿನ ಭಾರವನ್ನೆಲ್ಲ ಹೊತ್ತ ಕಂಬಕ್ಕೆ ಬೆಕ್ಕಿನ ಉಗುರು ಯಾವ ಲೆಕ್ಕ?

ಅಂಥ ಮನೆಗಳು ಈಗ ಕಡಿಮೆಯಾಗುತ್ತಿವೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಬಂದು ಕೈಯಲ್ಲಿ ನಾಲ್ಕು ಕಾಸು ಆಡಿದ್ದು, 2010ರ ಹೊತ್ತಿಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಕಚೇರಿ, ಬಡಾವಣೆಗಳು ಬೆಳೆದದ್ದು, ಎರಡೂ ಸೇರಿ ಆರ್‌ಸಿಸಿ ಮನೆಗಳನ್ನು ಹೆಚ್ಚಿಸಿವೆ. ನೆಲಕ್ಕೆ ಟೈಲ್ಸ್, ಗೋಡೆಗೆ ಪುಟ್ಟಿ, ಕಿಟಕಿಗೆ ಕಬ್ಬಿಣದ ಗ್ರಿಲ್. ಬೀದಿನಾಯಿ, ವಾಹನಗಳ ಭಯಕ್ಕೆ ಬೆಕ್ಕನ್ನು ಹೊರಗೆ ಬಿಡದ ಮನೆಗಳೂ ಇವೆ. ಅಂಥ ಮನೆಯಲ್ಲಿ ಉಗುರು ನಾಟುವ ವಸ್ತುಗಳೆಂದರೆ ಸೋಫಾ, ಪರದೆ ಮತ್ತು ಅಜ್ಜಿ ಹೊಲಿದ ಕೌದಿ. ಇವನ್ನು ಉಳಿಸಿಕೊಳ್ಳಲು ಒಂದು ಕಂಬ ಬೇಕು. ಅದನ್ನೇ ಇಲ್ಲಿ ಪರಚುಗಂಬ ಎಂದಿದ್ದೇನೆ. ಅಂಗಡಿಯ ಕಂಬವನ್ನು ಬಣ್ಣ ನೋಡಿ ಆರಿಸುವ ಬದಲು, ಪಡಸಾಲಿಯ ಕಂಬದಲ್ಲಿ ಬೆಕ್ಕು ಏನನ್ನು ಕಂಡಿತ್ತು ಎಂಬುದರಿಂದ ಹೊರಟರೆ ಆಯ್ಕೆ ಸುಲಭ ಎಂಬುದು ಈ ಲೇಖನದ ವಾದ.

ಉಗುರು ಮಸೆಯುವುದಕ್ಕೆ ಪರಚುತ್ತದೆ ಎಂಬ ಜನರ ಮಾತು ಅರ್ಧ ನಿಜ. ಬೆಕ್ಕಿಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಉಗುರು ಪದರಪದರವಾಗಿ ಬೆಳೆಯುತ್ತದೆ. ಒರಟು ಮೈಗೆ ನಾಟಿಸಿ ಎಳೆದಾಗ ಹಳೆಯ ಹೊರಪದರ ಕಳಚಿ ಒಳಗಿನ ಚೂಪು ಹೊರಬರುತ್ತದೆ. ಕಂಬದ ಬುಡದಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ, ಟೊಳ್ಳಾದ ಚೂರು ಸಿಕ್ಕರೆ ಅದು ಈ ಪದರ. ಉಗುರು ಮುರಿಯಿತೆಂದು ಗಾಬರಿಬೀಳಬೇಕಿಲ್ಲ. ಇದರ ಜೊತೆಗೆ ಇನ್ನೆರಡು ಕೆಲಸ ನಡೆಯುತ್ತವೆ. ಮುಂಗಾಲು ಮೇಲೆ ಚಾಚಿ ಎಳೆಯುವಾಗ ಭುಜ, ಬೆನ್ನಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಪಾದದ ಗ್ರಂಥಿಗಳಿಂದ ನಮ್ಮ ಮೂಗಿಗೆ ಹತ್ತದ ವಾಸನೆಯೊಂದು ಕಂಬಕ್ಕೆ ಅಂಟುತ್ತದೆ. ಕಣ್ಣಿಗೆ ಕಾಣುವ ಗೀರು, ಮೂಗಿಗೆ ಸಿಗುವ ವಾಸನೆ ಸೇರಿ ‘ಈ ಜಾಗ ನನ್ನದು’ ಎಂಬ ಗುರುತಾಗುತ್ತದೆ. ಆದ್ದರಿಂದ ಪರಚುವುದನ್ನು ಬಿಡಿಸಲಾಗದು, ಎಲ್ಲಿ ಪರಚಬೇಕೆಂಬುದನ್ನು ಮಾತ್ರ ಬದಲಿಸಬಹುದು. ಉಗುರನ್ನೇ ತೆಗೆಸುವ ಶಸ್ತ್ರಕ್ರಿಯೆ ಕೆಲವು ದೇಶಗಳಲ್ಲಿ ರೂಢಿಯಲ್ಲಿತ್ತು. ಅದರಲ್ಲಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಪ್ರಾಣಿಯ ಅಂಗಭಂಗವನ್ನು ಅಪರಾಧವೆನ್ನುತ್ತದೆ. ಆ ದಾರಿ ಇಲ್ಲಿ ಚರ್ಚೆಗೂ ಬೇಡ.

ಬೆಕ್ಕುಗಳ ಒಲವಿನ ಬಗ್ಗೆ ಕೊಲೀನ್ ವಿಲ್ಸನ್ ಮತ್ತು ಸಂಗಡಿಗರು ಬೆಕ್ಕು ಸಾಕುವವರ ಉತ್ತರಗಳನ್ನು ಕಲೆಹಾಕಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆ ಉಪಯುಕ್ತ. ನೆಟ್ಟಗೆ ನಿಂತ, ಕನಿಷ್ಠ 3 ಅಡಿ ಎತ್ತರದ ಕಂಬವಿದ್ದ ಮನೆಗಳಲ್ಲಿ ಬೇಡದ ವಸ್ತುಗಳನ್ನು ಪರಚುವುದು ಕಡಿಮೆ ಇತ್ತು. ಒಂದರಿಂದ ಮೂರು ಅಡಿ ಅಗಲದ ಪಾದವಿದ್ದ ಕಂಬಗಳಿಗೆ ಬಳಕೆ ಹೆಚ್ಚು. ಜನ ಹೆಚ್ಚಾಗಿ ಕೊಟ್ಟದ್ದು ಕಾರ್ಪೆಟ್ ಸುತ್ತಿದ ಕಂಬ, ಬೆಕ್ಕುಗಳು ಹೆಚ್ಚಾಗಿ ಪರಚಿದ್ದು ಹಗ್ಗ ಸುತ್ತಿದ್ದನ್ನು. ಹತ್ತು ವರ್ಷ ದಾಟಿದ ಮುದಿ ಬೆಕ್ಕುಗಳು ಮಾತ್ರ ಕಾರ್ಪೆಟ್ಟಿನ ಕಡೆ ವಾಲಿದವು. ಇದು ಸಾಕಿದವರು ಹೇಳಿದ್ದನ್ನು ನೆಚ್ಚಿದ ಅಧ್ಯಯನ, ಹಾಗಾಗಿ ಕಟ್ಟುನಿಟ್ಟಿನ ಪ್ರಯೋಗದ ತೂಕ ಇದಕ್ಕಿಲ್ಲ. ಆದರೂ ಎತ್ತರ, ಭದ್ರತೆ, ನಾರಿನ ಮೈ ಎಂಬ ಈ ಮೂರು ಲಕ್ಷಣಗಳೂ ಪಡಸಾಲಿಯ ಕಂಬಕ್ಕಿದ್ದವು ಎಂಬುದನ್ನು ಗಮನಿಸಬೇಕು.

ಇವುಗಳಲ್ಲಿ ಭದ್ರತೆಯನ್ನೇ ಜನ ಹೆಚ್ಚು ಅಲಕ್ಷಿಸುತ್ತಾರೆ. ಆನ್‌ಲೈನಿನಲ್ಲಿ ತರಿಸುವ ಅಗ್ಗದ ಕಂಬವೊಂದು ಒಂದೂವರೆ ಅಡಿ ಎತ್ತರ, 30 ಸೆಂ.ಮೀ. ಚದರದ ಪಾದ, ಒಟ್ಟು 2 ಕಿಲೋ ತೂಕದ್ದೆಂದು ಇಟ್ಟುಕೊಳ್ಳೋಣ. 4 ಕಿಲೋ ತೂಗುವ ಬೆಕ್ಕು 40 ಸೆಂ.ಮೀ. ಎತ್ತರದಲ್ಲಿ ಉಗುರು ಹೂಡಿ, ತನ್ನ ಅರ್ಧ ತೂಕದಷ್ಟು ಜೋರಿನಿಂದ ತನ್ನತ್ತ ಎಳೆದರೆ ಕಂಬವನ್ನು ಮಗುಚುವ ಶಕ್ತಿ 2×40, ಅಂದರೆ 80. ಪಾದದ ನಡುವಿನಿಂದ ಅಂಚಿಗೆ 15 ಸೆಂ.ಮೀ. ಇರುವುದರಿಂದ ತಡೆಯುವ ಶಕ್ತಿ 2×15, ಅಂದರೆ 30. ಕಂಬ ಬೀಳಲೇಬೇಕು. ಮೈಮೇಲೆ ಒಮ್ಮೆ ಬಿದ್ದ ಕಂಬದ ಹತ್ತಿರ ಬೆಕ್ಕು ಮತ್ತೆ ಸುಳಿಯುವುದು ಕಷ್ಟ. ಸೋಫಾ ಬೀಳುವುದಿಲ್ಲ, ಬೆಕ್ಕು ಅದನ್ನು ಆರಿಸಿದರೆ ಅದರ ಬುದ್ಧಿ ಸರಿಯಾಗಿಯೇ ಇದೆ ಎನ್ನಬೇಕು.

ಇದಕ್ಕೆ ಪರಿಹಾರ ಈ ಸೀಮೆಯ ನೆಲದಲ್ಲೇ ಇದೆ. ಭೀಮಾ ಕಣಿವೆಯ ಸುಣ್ಣಕಲ್ಲು ಹಾಳೆಹಾಳೆಯಾಗಿ ಏಳುತ್ತದೆ. ಶಹಾಬಾದ್ ಕಲ್ಲು, ಪರಸಿ ಎಂದು ನಾವು ನೆಲಕ್ಕೆ ಹಾಸುವುದು ಇದನ್ನೇ. ಒಂದೂವರೆ ಅಡಿ ಚದರದ, 3 ಸೆಂ.ಮೀ. ದಪ್ಪದ ಪರಸಿ ಸುಮಾರು 16 ಕಿಲೋ ತೂಗುತ್ತದೆ. ಇದರ ಮೇಲೆ ಮೂರಡಿಯ ಕಂಬ ನಿಲ್ಲಿಸಿ ಬೆಕ್ಕು 70 ಸೆಂ.ಮೀ. ಎತ್ತರದಲ್ಲಿ ಎಳೆದರೂ ಮಗುಚುವ ಶಕ್ತಿ 140, ಕಂಬದ ತೂಕ ಬಿಟ್ಟು ಕಲ್ಲೊಂದೇ ತಡೆಯುವುದು 360. ಕಲ್ಲಿನ ನಡುವೆ ತೂತು ಕೊರೆಸಿ, ಅಗಲ ವಾಷರ್ ಹಾಕಿ, ಕೆಳಗಿನಿಂದ ಉದ್ದ ಬೋಲ್ಟ್ ಬಿಗಿಯಬೇಕು. ಬೋಲ್ಟಿನ ತಲೆ ಕಲ್ಲಿನೊಳಗೆ ಕೂರದಿದ್ದರೆ ಕಂಬ ಅಲುಗಾಡುತ್ತದೆ. ಅಡಿಗೆ ಗೋಣಿತಟ್ಟಿನ ತುಂಡು ಅಂಟಿಸಿದರೆ ಟೈಲ್ಸಿಗೂ ಗೀರು ಬೀಳದು.

ಕಂಬಕ್ಕೆ ಬೇವು ಒಳ್ಳೆಯದು, ಜಾಲಿ ಇನ್ನೂ ಗಟ್ಟಿ. ಹೊಲದ ಬದುವಿನಲ್ಲಿ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿಯ ನೆಟ್ಟನೆಯ ಬೊಡ್ಡೆ ಸಿಕ್ಕರೆ, ಮುಳ್ಳು ಸವರಿ ತೊಗಟೆಯನ್ನು ಹಾಗೇ ಉಳಿಸಿ ನಿಲ್ಲಿಸಬಹುದು. ಕೆಲವು ಬೆಕ್ಕುಗಳಿಗೆ ಬಿರುಕುಬಿಟ್ಟ ಆ ತೊಗಟೆಯೇ ಸಾಕು, ಹಗ್ಗ ಬೇಕಿಲ್ಲ. ಎಚ್ಚರ ಬೇಕಾದ್ದು ಗೆದ್ದಲಿನ ಮದ್ದಿನ ವಿಷಯದಲ್ಲಿ. ಟಾರೆಣ್ಣೆ ಬಳಿದ ಹಳೆಯ ಕಟ್ಟಿಗೆಯಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳಿರುತ್ತವೆ, ಬೆಕ್ಕಿನ ಯಕೃತ್ತಿಗೆ ಅವನ್ನು ಅರಗಿಸುವ ಶಕ್ತಿ ತೀರ ಕಡಿಮೆ. ಪರಚಿದ ಪಾದವನ್ನೇ ಅದು ನೆಕ್ಕುತ್ತದೆ ಎಂಬುದು ನೆನಪಿರಲಿ. ಹತ್ತಿ ಹೊಲಕ್ಕೆ ಹೊಡೆಯುವ ಔಷಧಿಯ ಜೊತೆ ಬಿದ್ದಿದ್ದ ಗೋಣಿಚೀಲವನ್ನೂ ಕಂಬಕ್ಕೆ ಸುತ್ತಬಾರದು. ಪರ್ಮೆಥ್ರಿನ್‌ನಂಥ ಕೀಟನಾಶಕವನ್ನು ನಾಯಿ ತಡೆದುಕೊಂಡೀತು, ಬೆಕ್ಕಿಗೆ ಪ್ರಾಣಕ್ಕೇ ಬರುತ್ತದೆ. ಮೆಣಸಿನಕಾಯಿ ತುಂಬಿದ್ದ ಚೀಲವೂ ಬೇಡ.

ಹಗ್ಗದ ವಿಷಯ ತುಸು ವಿಸ್ತಾರವಾಗಿ ಹೇಳಬೇಕು. ಪೇಟೆಯ ಕಂಬಗಳಿಗೆ ಸುತ್ತುವ ಸಿಸಾಲ್, ಮೆಕ್ಸಿಕೋ ಮೂಲದ ಕತ್ತಾಳೆ ಜಾತಿಯ ಗಿಡದ ಎಲೆಯ ನಾರು. ಆದರೆ ಈ ಸೀಮೆಗೆ ತನ್ನದೇ ನಾರಿನ ಗಿಡವಿದೆ, ಪುಂಡಿ. ಜೋಳದ ರೊಟ್ಟಿಯ ಜೊತೆ ಅದರ ಹುಳಿ ಪಲ್ಯ ತಿನ್ನದವರಿಲ್ಲ. ಎಲೆ ಚಿವುಟಿದ ಮೇಲೆ ಬಲಿತ ದಂಟನ್ನು ಕಟ್ಟು ಕಟ್ಟಿ ನೀರಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ಸೆಣಬಿನಂಥ ನಾರು. ದನದ ಕಣ್ಣಿ, ಹೊರಸಿನ ನುಲಿ, ಬಾವಿಯ ಹಗ್ಗಗಳಿಗೆ ಒಕ್ಕಲಿಗರು ನೆಚ್ಚಿದ್ದ ನಾರು ಇದು. ನೈಲಾನ್ ಬಂದು ಅದನ್ನು ಮೂಲೆಗೆ ತಳ್ಳಿತು. ಪರಚುಗಂಬಕ್ಕೆ ನೈಲಾನ್ ಕೆಲಸಕ್ಕೆ ಬಾರದು: ಉಗುರು ಜಾರುತ್ತದೆ, ಬಿಚ್ಚಿದ ಎಳೆ ಬೆಕ್ಕಿನ ಹೊಟ್ಟೆ ಸೇರಿದರೆ ಕರುಳು ಮಡಿಕೆಬಿದ್ದು ಶಸ್ತ್ರಕ್ರಿಯೆಯೇ ಗತಿಯಾದೀತು. ಸಿಸಾಲಿಗಿಂತ ಪುಂಡಿ ಮೆತ್ತಗೆ, ಬೇಗ ಸವೆಯುತ್ತದೆ. ಹಾಗಾಗಿ ಮೂರೆಳೆ ಸೇರಿಸಿ ಬಿಗಿಯಾಗಿ ಹೊಸೆದದ್ದೇ ಬೇಕು. ಹೊಸೆದುಕೊಡುವ ಕೈ ಸಿಗದಿದ್ದರೆ ಸಿಸಾಲ್ ಹಗ್ಗವನ್ನೇ ತರುವುದು ಲೇಸು. ಅಭಿಮಾನಕ್ಕೆ ಸಡಿಲ ಹಗ್ಗ ಸುತ್ತಿ ಪ್ರಯೋಜನವಿಲ್ಲ. 10 ಸೆಂ.ಮೀ. ವ್ಯಾಸದ ಕಂಬದ 75 ಸೆಂ.ಮೀ. ಭಾಗಕ್ಕೆ, ಹಗ್ಗ 8 ಮಿ.ಮೀ. ದಪ್ಪವಿದ್ದರೆ, ಸುಮಾರು 32 ಮೀಟರ್ ಬೇಕಾಗುತ್ತದೆ. ತುದಿಗಳಿಗೆ ಮೊಳೆ ಬೇಡ, ಕಟ್ಟಿಗೆಯಲ್ಲಿ ತೂತು ಕೊರೆದು ಒಳಗೆ ತೂರಿಸಿ ಬೆಣೆ ಹೊಡೆಯಬೇಕು.

ಪಡಸಾಲಿಯ ಕಂಬಕ್ಕಿದ್ದ ಇನ್ನೊಂದು ಗುಣವನ್ನು ಆ ಸಮೀಕ್ಷೆ ಅಷ್ಟಾಗಿ ಹೇಳುವುದಿಲ್ಲ. ಅದು ಮನೆಯ ನಡುವೆ, ಹೋಗುವವರು ಬರುವವರ ದಾರಿಯಲ್ಲೇ ನಿಂತಿರುತ್ತಿತ್ತು. ಗುರುತು ಹಾಕುವುದು ಬೆಕ್ಕಿನ ಉದ್ದೇಶವಾದ ಮೇಲೆ, ಹಿತ್ತಲ ಬಾಗಿಲ ಹಿಂದೆ ಅಥವಾ ಮಂಚದ ಸಂದಿಯಲ್ಲಿಟ್ಟ ಕಂಬಕ್ಕೆ ಅದು ಯಾಕೆ ಹೋಗಬೇಕು? ನಿದ್ದೆಯಿಂದ ಎದ್ದು ಮೈ ಮುರಿಯುವ ಹೊತ್ತಿನಲ್ಲಿ ಬೆಕ್ಕು ಪರಚುವುದು ಹೆಚ್ಚು. ನಮ್ಮ ಬೇಸಿಗೆಯಲ್ಲಿ ಹಗಲೆಲ್ಲ ಅದು ತಣ್ಣನೆಯ ನೆಲ ಹುಡುಕಿ ಮಲಗುತ್ತದೆ, ಚಳಿಯಲ್ಲಿ ಕೌದಿಯ ಗಂಟಿನ ಮೇಲೆ. ಮಲಗುವ ಜಾಗ ಬದಲಾದಂತೆ ಕಂಬವನ್ನೂ ಸರಿಸಬೇಕು, ಆದರೆ 16 ಕಿಲೋದ ಕಲ್ಲನ್ನು ಸರಿಸಲು ಇಬ್ಬರು ಬೇಕು. ಎರಡು ಕಂಬ ಮಾಡಿಸುವುದು ಜಾಣತನ, ಎರಡು ಬೆಕ್ಕಿದ್ದರಂತೂ ಅನಿವಾರ್ಯ. ಈಗಾಗಲೇ ಸೋಫಾದ ಮೂಲೆ ಹಿಡಿದ ಬೆಕ್ಕಿಗೆ ಕಂಬವನ್ನು ಆ ಮೂಲೆಗೇ ತಾಗಿಸಿ ನಿಲ್ಲಿಸಿ, ರೂಢಿಯಾದ ಮೇಲೆ ದಿನಕ್ಕೆ ಗೇಣಿನಷ್ಟು ಸರಿಸಬೇಕು. ಪಾದ ಹಿಡಿದು ಕಂಬಕ್ಕೆ ಉಜ್ಜಿಸಿದರೆ ಅದು ಕಂಬವನ್ನೇ ದ್ವೇಷಿಸುತ್ತದೆ. ಬದಲಿಗೆ ತಾನಾಗಿ ಪರಚಿದಾಗ ಒಣಮೀನಿನ ಚೂರೋ ತಲೆ ಸವರುವಿಕೆಯೋ ಸಿಗಲಿ. ಮಳೆಗಾಲದ ಕಳೆಯಾದ ಕುಪ್ಪಿಗಿಡದ ಬೇರಿಗೆ ಅನೇಕ ಬೆಕ್ಕುಗಳು ಮರುಳಾಗುತ್ತವೆ. ಬೇರನ್ನು ಜಜ್ಜಿ ಹಗ್ಗಕ್ಕೆ ತಿಕ್ಕಬಹುದು. ಎಲ್ಲ ಬೆಕ್ಕುಗಳೂ ಅದಕ್ಕೆ ಒಲಿಯುವುದಿಲ್ಲ.

ಹಗ್ಗ ಚಿಂದಿಯಾದ ಕಂಬ ನೋಡಲು ಅಸಹ್ಯ. ದೀಪಾವಳಿ, ಉಗಾದಿಯ ಸಾರಣೆ-ಕಾರಣೆಯಲ್ಲಿ ಅದನ್ನು ಹೊರಗೆಸೆಯುವ ಮನಸ್ಸು ಮನೆಯವರಿಗೆ ಬರುತ್ತದೆ. ಬೆಕ್ಕಿನ ಲೆಕ್ಕದಲ್ಲಿ ಅದು ವರ್ಷದ ದುಡಿಮೆ: ಗೀರೂ ವಾಸನೆಯೂ ಅದರಲ್ಲೇ ಇವೆ. ಹೊಸ ಹಗ್ಗ ಸುತ್ತಲೇಬೇಕಾದರೆ ಮೊದಲು ಕೆಳಗಿನ ಅರ್ಧಕ್ಕೆ ಸುತ್ತಿ, ಅದು ಹಳತಾದ ಮೇಲೆ ಮೇಲಿನದನ್ನು ಬದಲಿಸಬೇಕು. ಮುದಿ ಬೆಕ್ಕಿದ್ದ ಮನೆಯಲ್ಲಿ, ಮೊಣಕಾಲು ಹಿಡಿದು ಎದ್ದು ಚಾಚಲಾಗದ ಪ್ರಾಣಿಗೆ, ಕಂಬದ ಬುಡದ ಪರಸಿಯ ಮೇಲೆಯೇ ಹಳೆಯ ಕಾರ್ಪೆಟ್ಟಿನ ತುಂಡೊಂದನ್ನು ಬಿಗಿಯಾಗಿ ಅಂಟಿಸಿದರಾಯಿತು.